ಒಂಬತ್ತು ಕಾಲು

ಎರಡು ದೋಣ್ಯಾಗ ಕಾಲಿಡಬ್ಯಾಡವಾ,
ಅಂದಳು ಫೋನಿನಲ್ಲಿ ನೀಲಗಂಗತ್ತಿ.
ಇಲ್ಲ ಅತ್ತಿ, ಒಂದೇ ದೋಣಿ.
ಕಾಲು ಮಾತ್ರ ಒಂಬತ್ತು.
ನನ್ನವು ಎರಡು, ಕುಸುಬಿಯವು ನಾಲ್ಕು,
ಹರ್ಬರ್ಟನವು ಮೂರು.
ನಾಲ್ಕನೆಯದನ್ನು ಅವನು ಎಲ್ಲಿ ಬಿಟ್ಟುಬಂದನೋ
ಲೀಡ್ಸಿನ ಅನಾಥ ನಾಯಿಗಳ ಮನೆಯವರಿಗೂ
ಗೊತ್ತಿರಲಿಲ್ಲ.

ಅತ್ತಿ ಅತ್ತ ಸುಮ್ಮನಾದಳು.
ಕೂಡಿಸಿ ನೋಡುತ್ತಿದ್ದಳೋ ಏನೋ.

ಗದಗಿನವಳು ನಾನು. ನೀರೆಂದರೆ
ಎಂಟು ದಿನಕ್ಕೊಮ್ಮೆ ನಲ್ಲಿಯಲ್ಲಿ ಕೆಮ್ಮುತ್ತಾ ಬರುವುದು,
ಕೊಡಗಳ ಪಾಳಿ, ಜಗಳ,
ಜೋಳ ತೊಳೆದದ್ದು ಎಮ್ಮೆಗೆ.
ಈಗ ನೀರಿನ ಮೇಲೇ ಮಲಗುತ್ತೇನೆ.
ಆದರೂ ಕುಡಿಯಲು ಬೇಕೆಂದರೆ
ಗಾರ್ಗ್ರೇವಿನ ನಲ್ಲಿಯ ತನಕ ದೋಣಿ ನಡೆಸಿ
ಪೈಪು ಹಿಡಿದು ನಿಲ್ಲಬೇಕು,
ಮುಂದೆ ಇನ್ನೆರಡು ದೋಣಿ.
ಹಣೆಯಲ್ಲಿ ಬರೆದ ಪಾಳಿ ತಪ್ಪಲಿಲ್ಲ.

ಏಳಡಿ ಅಗಲದ ಮನೆ:
ಒಬ್ಬರು ಹೊರಳಿದರೆ ಇಬ್ಬರು ಏಳಬೇಕು.
ಒದ್ದೆ ನಾಯಿಯ ವಾಸನೆ
ನನ್ನ ಜೊತೆಗೇ ಬಸ್ಸು ಹತ್ತಿ
ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು
ರಕ್ತದ ಶೀಶೆಗಳನ್ನು ಎಣಿಸುತ್ತದೆ.

ಹದಿನಾಲ್ಕು ದಿನ ಒಂದು ಕಡೆ,
ಹದಿನೈದಕ್ಕೆ ಗೂಟ ಕಿತ್ತು ಮುಂದಕ್ಕೆ. ಕಾಲುವೆಯ ಕಾನೂನು.
ಮನೆ ಅದೇ, ಅಂಗಳ ಬೇರೆ.
ನಿನ್ನೆ ಬಾಗಿಲು ತೆರೆದರೆ ಕುರಿಗಳಿದ್ದವು,
ಇವತ್ತು ಯಾರದೋ ಒಗೆದ ಬಟ್ಟೆ.
ಕುಸುಬಿ ಹೊಸ ಅಂಗಳವನ್ನು ಒಂದೇ ಉಸಿರಿಗೆ ಓದಿ
ಮೂಲೆಮೂಲೆಗೂ ಸಹಿ ಹಾಕುತ್ತಾಳೆ.
ಹರ್ಬರ್ಟನದು ಹಾಗಲ್ಲ.
ಮೊದಲು ಮೂಗು, ಆಮೇಲೆ ಮುಂಗಾಲು,
ಆಮೇಲೆ ಯೋಚನೆ.
ಹಿಂಗಾಲು ಒಂದೇ ಇದ್ದವನಿಗೆ
ದಡವೆಂಬುದು ಸಣ್ಣ ಮಾತಲ್ಲ.

ಫೆಬ್ರವರಿಯಲ್ಲೊಮ್ಮೆ ಯೋಚನೆ ತಪ್ಪಿತು.
ತೆಳು ಮಂಜುಗಡ್ಡೆ ಹಪ್ಪಳದಂತೆ ಮುರಿದ ಸದ್ದು.
ಬೋರಲು ಬಿದ್ದು, ಬೆನ್ನಿನ ಪಟ್ಟಿಗೆ ಕೈಹಾಕಿ ಎಳೆದೆ.
ಮೇಲೆ ಬಂದವನು
ತಳ್ಳಿದ್ದೇ ನಾನು ಎಂಬಂತೆ ನೋಡಿದ.
ಆ ರಾತ್ರಿ ಒಲೆಯ ಮುಂದೆ
ಮೂವರೂ ಇಡ್ಲಿಗಳಂತೆ ಹಬೆಯಾಡಿದೆವು.

ಸ್ಕಿಪ್ಟನ್ನಿನಲ್ಲಿ, ಮೇ ತಿಂಗಳಲ್ಲಿ,
ಒಂದು ಬೆಳಿಗ್ಗೆ ಅವನು ಬಾಗಿಲಿಗೆ ಬರಲಿಲ್ಲ.
ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಚಹಾದ ಲೋಟ
ಮೇಜಿನ ಮೇಲೆ ತಾನಾಗಿ ಸರಿಯತೊಡಗಿತು.
ಬಾಣಲೆಯ ಎಣ್ಣೆ ಒಂದೇ ಬದಿಗೆ,
ದೋಸೆ ಎಡಕ್ಕೆ ದಪ್ಪ, ಬಲಕ್ಕೆ ಜಾಳು.
ಮೂರು ದಿನ, ವಾಲುತ್ತಿರುವುದು ನಾನೇ ಅಂದುಕೊಂಡಿದ್ದೆ.
ಕಲ್ಲಿದ್ದಲು ಮಾರುವ ಗ್ಲೆನಿಸ್
ತನ್ನ ದೋಣಿ ನಿಲ್ಲಿಸದೆಯೇ ಕೂಗಿದಳು:
ಎಡಕ್ಕೆ ವಾಲಿದೆಯಲ್ಲೇ ನಿನ್ನದು!
ಆಮೇಲೆ ನಿಲ್ಲಿಸಿದಳು.
ಎಷ್ಟು ತೂಗುತ್ತಿದ್ದ ಅವನು?
ಮೂವತ್ತೆಂಟು ಕಿಲೋ.
ಬಲಗಡೆ, ಒಲೆಯ ಪಕ್ಕ, ಆರು ವರ್ಷ.
ಮೂಟೆಗೆ ಇಪ್ಪತ್ತೈದರಂತೆ ಬೆರಳು ಮಡಚಿ
ಒಂದೂವರೆ ಮೂಟೆ ಇಳಿಸಿದಳು,
ಒಂದಕ್ಕಷ್ಟೇ ದುಡ್ಡು ತೆಗೆದುಕೊಂಡಳು.

ಅವನ ಜಾಗದಲ್ಲಿ ಈಗ ಅದು ಕೂತಿದೆ.
ಅವನಷ್ಟೇ ಕಪ್ಪು. ಅವನಷ್ಟೇ ಮೊಂಡು.
ಕುಸುಬಿ ಮೊದಲ ದಿನ ಬೊಗಳಿದಳು,
ಎರಡನೆಯ ದಿನ ಮೂಸಿದಳು,
ಈಗ ಬೆನ್ನು ಹಚ್ಚಿ ಮಲಗುತ್ತಾಳೆ.
ಎದ್ದಾಗ ಹಳದಿ ಪಕ್ಕೆಗೆಲ್ಲ ಮಸಿ.
ಲೋಟ ನೆಟ್ಟಗೆ ನಿಲ್ಲುತ್ತದೆ.

ಅಕ್ಟೋಬರ್ ಮುಗಿಯುತ್ತ ಬಂತು.
ಥಂಡಿ ಅದ ಏನವಾ? ಎಂದಳು ಅತ್ತಿ.
ಕಾಲಿನ ಲೆಕ್ಕ ಕೇಳಲಿಲ್ಲ.
ಇಲ್ಲ ಅತ್ತಿ, ಇನ್ನೂ ಒಲೆ ಹಚ್ಚಿಲ್ಲ, ಅಂದೆ,
ಎರಡು ಸ್ವೆಟರಿನೊಳಗಿಂದ.

ನಿನ್ನೆ ರಾತ್ರಿ ಕಿಟಕಿಯ ಒಳಗಡೆಗೇ ಹಿಮ ಕಟ್ಟಿತು.
ಕುಸುಬಿ ನಡುಗಿದಳು, ಬಟ್ಟಲು ಕಟಕಟ ಎನ್ನುವಷ್ಟು.
ಗ್ಲೆನಿಸ್ ಬರುವುದು ಗುರುವಾರ.
ಮೂಟೆಯ ಬಾಯಿ ಬಿಚ್ಚಿದೆ.
ಒಂದು ಸಲಿಕೆ, ಇನ್ನೊಂದು.
ಒಲೆ ಹೊತ್ತಿತು,
ಲೋಟ ಕೂದಲೆಳೆಯಷ್ಟು ಎಡಕ್ಕೆ ಸರಿಯಿತು.

ಬೆರಳಿನಿಂದ ತಡೆದು
ಕುಡಿದೆ.